ಅದೇ ಥರ್ಮಾಸು

ಕಳೆದ ಮಾಗಿಯಲ್ಲಿ ನಮ್ಮ ಮನೆಯ ಹಳೆಯ ಥರ್ಮಾಸಿನ ಗಾಜು ಸತ್ತಿತು. ಒಡೆದಿರಲಿಲ್ಲ, ಕಣ್ಣಿಗೆ ಕಾಣುವಂಥ ಬಿರುಕೂ ಇರಲಿಲ್ಲ. ಆದರೆ ಬೆಳಿಗ್ಗೆ ಆರು ಗಂಟೆಗೆ ತುಂಬಿಟ್ಟ ಚಹಾ ಎಂಟರ ಹೊತ್ತಿಗೆ ಉಗುರುಬೆಚ್ಚಗಾಗಿತ್ತು. ತಗಡಿನ ಹೊರಮೈ ಮಾತ್ರ ಕೈಗೆ ಬಿಸಿಯಾಗಿ ತಾಗುತ್ತಿತ್ತು. ಥರ್ಮಾಸಿನ ಮಟ್ಟಿಗೆ ಇದು ತಪ್ಪದ ಮರಣಲಕ್ಷಣ. ಹೊರಗು ಬೆಚ್ಚಗಾಯಿತೆಂದರೆ ಒಳಗು ತನ್ನ ಕೆಲಸ ಬಿಟ್ಟಿದೆ ಎಂದರ್ಥ.

ಪೇಟೆಗೆ ಹೋಗಿ ಅದೇ ಅಳತೆಯ ಹೊಸ ಗಾಜು ತಂದೆ. ಅಂಗಡಿಯವರು ಅದನ್ನು ರಿಫಿಲ್ ಎನ್ನುತ್ತಾರೆ. ಗಾಜಿನ ಹಿಡಿತವೆಷ್ಟು ಎಂಬುದನ್ನು ತಿಳಿದರೆ ಸಾಲದು, ಬಾಯಿಯ ಅಗಲವನ್ನೂ ಅಳೆದುಕೊಂಡು ಹೋಗಬೇಕು; ಇಲ್ಲದಿದ್ದರೆ ಎರಡು ಸಲ ಓಡಾಡಬೇಕಾಗುತ್ತದೆ. ಜಗಲಿಯ ಮೇಲೆ ಹಳೆಯ ಚಾದರ ಹಾಸಿಕೊಂಡು ಕುಳಿತು, ಬುಡದ ಮುಚ್ಚಳ ತಿರುಗಿಸಿ, ಒಳಗಿನ ರಬ್ಬರಿನ ಗಾದಿಯನ್ನು ತೆಗೆದು, ಹಳೆಯ ಗಾಜನ್ನು ಬಟ್ಟೆಯಲ್ಲಿ ಹಿಡಿದು ಹೊರಗೆಳೆದೆ. ಗಾಜಿನ ಬುಡದಲ್ಲಿ ಬೆರಳ ತುದಿಯಷ್ಟು ಚಿಕ್ಕ ಬಾಲವೊಂದಿರುತ್ತದೆ. ಕಾರ್ಖಾನೆಯಲ್ಲಿ ಎರಡು ಗೋಡೆಗಳ ನಡುವಿನ ಗಾಳಿಯನ್ನೆಲ್ಲ ಹೀರಿ, ಕೊನೆಗೆ ಗಾಜನ್ನು ಕರಗಿಸಿ ಮುಚ್ಚಿದ ಜಾಗವದು. ಇಡೀ ಪಾತ್ರೆಯ ಪ್ರಾಣ ಆ ಬಾಲದ ತುದಿಯಲ್ಲಿದೆ. ಅದಕ್ಕೆ ತುಸು ಪೆಟ್ಟಾದರೂ ಗಾಳಿ ಒಳಹೊಕ್ಕು ಎಲ್ಲ ಮುಗಿಯುತ್ತದೆ.

ಈ ಶಸ್ತ್ರಕ್ರಿಯೆಯನ್ನು ನೋಡುತ್ತ ಕುಳಿತಿದ್ದವಳು ರಜೆಗೆಂದು ಬಂದ ಮೊಮ್ಮಗಳು. ಆರನೆಯ ತರಗತಿಯ ಹುಡುಗಿ. ಹಳೆಯ ಗಾಜು ಒಂದು ಕಡೆ, ಹಳೆಯ ಬೂಚು ಒಂದು ಕಡೆ, ಗಟ್ಟಿಯಾಗಿ ಹೋದ ರಬ್ಬರು ಇನ್ನೊಂದು ಕಡೆ ಬಿದ್ದಿರುವುದನ್ನು ಕಂಡು ಕೇಳಿದಳು: “ಅಜ್ಜಾ, ಇದು ಮುತ್ತಜ್ಜನ ಥರ್ಮಾಸು ಅಂತ ಎಲ್ಲಾರ ಮುಂದ ಹೇಳ್ತೀರಲ್ಲ, ಇದರಾಗ ಮುತ್ತಜ್ಜಂದು ಏನು ಉಳದದ?”

ಪ್ರಶ್ನೆ ನ್ಯಾಯವಾದದ್ದು. ಲೆಕ್ಕ ಹಾಕಿದೆವು. ನಮ್ಮ ತಂದೆಯವರು ಈ ಥರ್ಮಾಸನ್ನು ಕೊಂಡದ್ದು 1968ರಲ್ಲಿ, ಸರಕು ಗಾಡಿಯ ಗಾರ್ಡ್ ಆಗಿ ಸೊಲ್ಲಾಪುರದಲ್ಲಿ ನೆಲೆಯೂರಿದ ವರ್ಷ. ಆ ಬಳಿಕ ಗಾಜು ಬದಲಾದದ್ದು ಇದು ನಾಲ್ಕನೆಯ ಸಲ. ಬೂಚುಗಳಿಗೆ ಲೆಕ್ಕವಿಲ್ಲ, ಬಿಸಿ ಹಬೆಯಲ್ಲಿ ಉಬ್ಬಿ, ಒಣಗಿ ಕುಗ್ಗಿ, ಅಂಚು ಉದುರಿ, ಎರಡು ಮೂರು ವರ್ಷಕ್ಕೊಂದರಂತೆ ಹೋಗಿವೆ. ಚಹಾ ಕುಡಿಯುವ ಅಲ್ಯುಮಿನಿಯಂ ಬಟ್ಟಲಿನ ತಿರುಪು ಸವೆದು ಕೂಡದಂತಾದಾಗ, ಸಂತೆಯಲ್ಲಿ ಸಿಕ್ಕ ಇನ್ನೊಂದು ಹಳೆಯ ಥರ್ಮಾಸಿನ ಬಟ್ಟಲನ್ನು ತಂದು ಹಾಕಿದ್ದೇನೆ. ಹೆಗಲಿಗೆ ಹಾಕುವ ಪಟ್ಟಿ ಹೊಸದು. ತುಕ್ಕು ಹಿಡಿದ ಬುಡವನ್ನು ತಗಡಿನ ಕೆಲಸದವರೊಬ್ಬರು ಎರಡು ಬೆರಳಷ್ಟು ಕತ್ತರಿಸಿ, ಬೇರೆ ತಗಡು ಬೆಸೆದುಕೊಟ್ಟಿದ್ದಾರೆ. ಹಸಿರು ಬಣ್ಣವನ್ನು ಎರಡು ಸಲ ಬಳಿದದ್ದಾಗಿದೆ. ಹೊರಮೈ ಮೇಲೆ ತಂದೆಯವರು ಬಿಳಿ ಬಣ್ಣದಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರಗಳನ್ನು ಕನ್ನಡದಲ್ಲಿ ಬರೆದಿದ್ದರು. ಅವು ಮಾಸಿದಂತೆಲ್ಲ ಅದೇ ಗೆರೆಯ ಮೇಲೆ ನಾನು ಕುಂಚ ಆಡಿಸುತ್ತ ಬಂದಿದ್ದೇನೆ. ಇನ್ನು ಉಳಿದದ್ದು ನಡುವಿನ ತಗಡು, ಅದರಲ್ಲೊಂದು ತಗ್ಗು. ಆ ತಗ್ಗು ಬಿದ್ದದ್ದು ದುಧನಿ ನಿಲ್ದಾಣದಲ್ಲಿ, ಗಾರ್ಡಿನ ಡಬ್ಬಿಯಿಂದ ಕೆಳಗುರುಳಿದಾಗ ಎಂದು ಅವರು ಹೇಳುತ್ತಿದ್ದರು.

“ಹಂಗಾದ್ರ ತಗ್ಗು ಒಂದೇ ಮುತ್ತಜ್ಜಂದು” ಎಂದಳು ಮೊಮ್ಮಗಳು.

ಈ ಪ್ರಶ್ನೆಯನ್ನು ಮೊದಲು ಕೇಳಿದವಳು ಅವಳಲ್ಲ. ಗ್ರೀಕ್ ಲೇಖಕ ಪ್ಲುಟಾರ್ಕ್ ಥೀಸಿಯಸ್ ಎಂಬ ವೀರನ ಚರಿತ್ರೆ ಬರೆಯುವಾಗ ಅವನ ಹಡಗಿನ ಮಾತು ತರುತ್ತಾನೆ. ಅಥೆನ್ಸಿನ ಜನ ಮೂವತ್ತು ಹುಟ್ಟಿನ ಆ ಹಡಗನ್ನು ಕಾಪಾಡುತ್ತ, ಕೊಳೆತ ಹಲಗೆಗಳನ್ನು ತೆಗೆದು ಹೊಸ ಹಲಗೆ ಜೋಡಿಸುತ್ತ ಬಂದರಂತೆ. ಅದು ಅದೇ ಹಡಗೋ ಬೇರೆಯದೋ ಎಂದು ತತ್ತ್ವಜ್ಞರು ಎರಡು ಪಕ್ಷವಾಗಿ ವಾದಿಸಿದರಂತೆ. ನಮ್ಮ ಕಡೆ ಇದಕ್ಕೆ ಹತ್ತಿರದ ಮಾತು ಪಾಲಿ ಭಾಷೆಯ ‘ಮಿಲಿಂದಪನ್ಹ’ದಲ್ಲಿದೆ. ಗ್ರೀಕ್ ಮೂಲದ ಅರಸ ಮಿಲಿಂದನಿಗೆ ಭಿಕ್ಷು ನಾಗಸೇನ ರಥವನ್ನೇ ತೋರಿಸಿ, ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಒಂದೊಂದಾಗಿ ಕೇಳುತ್ತಾನೆ. ಯಾವುದೂ ಅಲ್ಲ. ಹಾಗಾದರೆ ರಥವೆಲ್ಲಿದೆ? ಬಿಡಿಭಾಗಗಳು ಕೂಡಿದಾಗ ನಾವು ಇಡುವ ಹೆಸರು ರಥ ಎಂಬುದು ಭಿಕ್ಷುವಿನ ಉತ್ತರ. ಗ್ರೀಕರಿಗೆ ಹಲಗೆ ಬದಲಾದದ್ದು ಸಮಸ್ಯೆ. ನಾಗಸೇನನಿಗೆ ಬದಲಾಗುವ ಮೊದಲೇ ಅಲ್ಲಿ ಹಿಡಿದುಕೊಳ್ಳುವಂಥದ್ದೇನೂ ಇರಲಿಲ್ಲ.

ಹೆಸರಿನ ಮಾತು ಬಂದಿತೆಂದು ಹೇಳುತ್ತೇನೆ: 2022ರಲ್ಲಿ ರೈಲ್ವೆಯವರು ಗಾರ್ಡ್ ಎಂಬ ಹುದ್ದೆಯ ಹೆಸರನ್ನೇ ತೆಗೆದು ಟ್ರೇನ್ ಮ್ಯಾನೇಜರ್ ಎಂದು ಮಾಡಿದರು. ತಂದೆಯವರು ಬದುಕಿದ್ದರೆ ನಗುತ್ತಿದ್ದರು. ಕೆಲಸ ಅದೇ, ಹೆಸರು ಹೊಸದು. ನಮ್ಮ ಥರ್ಮಾಸಿನ ಸ್ಥಿತಿ ಇದಕ್ಕೆ ತಿರುಗುಮುರುಗು.

ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಈ ಹಡಗಿನ ಕಥೆಗೆ ಇನ್ನೊಂದು ತೊಡಕು ಸೇರಿಸಿದ. ತೆಗೆದುಹಾಕಿದ ಹಳೆಯ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟುಕೊಂಡು, ಮೊದಲಿನ ಕ್ರಮದಲ್ಲೇ ಜೋಡಿಸಿ ಎರಡನೆಯ ಹಡಗು ಕಟ್ಟಿದರೆ, ನಿಜವಾದದ್ದು ಯಾವುದು? ಇದು ಬರಿಯ ತರ್ಕದ ಆಟವೆಂದು ಕಾಲೇಜಿನ ದಿನಗಳಲ್ಲಿ ಎಣಿಸಿದ್ದೆ. ನಮ್ಮ ಮನೆಯಲ್ಲೇ ಅದು ನಡೆದಿದೆ. ತಾಯಿಯವರು ಏನನ್ನೂ ಎಸೆಯುವವರಲ್ಲ. ತಿರುಪು ಸವೆದ ಬಟ್ಟಲು, ಹರಿದ ಚರ್ಮದ ಪಟ್ಟಿ, ಕತ್ತರಿಸಿದ ತಗಡಿನ ಬಳೆ, ನಾಲ್ಕಾರು ಬೂಚುಗಳು ಎಲ್ಲವನ್ನೂ ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಆ ಡಬ್ಬಿ ಅಣ್ಣನ ಪಾಲಿಗೆ ಹೋಯಿತು. ಅಣ್ಣ ಹುಬ್ಬಳ್ಳಿಯಲ್ಲಿದ್ದಾನೆ. ವರ್ಷಕ್ಕೊಮ್ಮೆಯಾದರೂ ಫೋನಿನಲ್ಲಿ, “ಅಪ್ಪನ ಖರೇ ಥರ್ಮಾಸು ನನ್ನ ಹತ್ರ ಅದ, ನಿನ್ನ ಹತ್ರ ಇರೋದು ನಿಂದೇ” ಎಂದು ಕೆಣಕುತ್ತಾನೆ.

ನಾನು ಬಹುಕಾಲ ಅವನೊಂದಿಗೆ ವಾದಿಸಿದೆ. ನಿನ್ನ ಡಬ್ಬಿಯಲ್ಲಿ ಚಹಾ ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಅಪ್ಪನ ತುಟಿ ತಾಗಿದ ಬಟ್ಟಲು ನನ್ನಲ್ಲಿದೆ ಎಂಬುದು ಅವನದು. ಈಗ ಅನ್ನಿಸುವುದೆಂದರೆ ನಾವಿಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿದ್ದೆವು. ಹೋದವರನ್ನು ಮುಟ್ಟಬೇಕೆಂಬ ಆಸೆಗೆ ಅವನ ಬಟ್ಟಲೇ ಬೇಕು; ನನ್ನ ಹೊಸ ಬಟ್ಟಲು ಅಲ್ಲಿ ನಿಷ್ಪ್ರಯೋಜಕ. ಆದರೆ ಅವರು ಮಾಡುತ್ತಿದ್ದುದನ್ನು ಮುಂದುವರಿಸಬೇಕೆಂಬ ಆಸೆಗೆ ಡಬ್ಬಿಯಿಂದ ಏನೂ ದೊರೆಯದು. ಒಂದು ವಸ್ತುವಿನಲ್ಲಿ ಈ ಎರಡೂ ಎಳೆಗಳು ಹೆಣೆದುಕೊಂಡಿರುವಷ್ಟು ಕಾಲ ನಮಗೆ ಪ್ರಶ್ನೆಯೇ ಏಳುವುದಿಲ್ಲ. ಅವು ಬೇರೆಯಾದಾಗ ಅಣ್ಣತಮ್ಮಂದಿರು ಜಗಳವಾಡುತ್ತಾರೆ. ದೇವಸ್ಥಾನಗಳ ಜೀರ್ಣೋದ್ಧಾರದಲ್ಲಿ ಏಳುವ ಎಷ್ಟೋ ವ್ಯಾಜ್ಯಗಳ ಬೇರೂ ಇಲ್ಲೇ ಇದ್ದೀತು.

ಹಾಗೆ ನೋಡಿದರೆ ಅಣ್ಣನ ಡಬ್ಬಿಯಲ್ಲಿ ಎಲ್ಲವೂ ಇದ್ದರೂ ಮುಖ್ಯವಾದದ್ದೊಂದಿಲ್ಲ. ಗಾಜಿಲ್ಲ. ಗಾಜಿದ್ದರೂ ಅದರೊಳಗಿನದು ಇರುವಂತಿಲ್ಲ. ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಡ್ಯೂವರ್ 1892ರಲ್ಲಿ ಲಂಡನ್ನಿನಲ್ಲಿ ಈ ಪಾತ್ರೆಯನ್ನು ರೂಪಿಸಿದ್ದು ಚಹಾಕ್ಕಾಗಿ ಅಲ್ಲ; ಅತಿ ಶೀತದ ದ್ರವರೂಪದ ಅನಿಲಗಳು ಆವಿಯಾಗದಂತೆ ಇಟ್ಟುಕೊಳ್ಳಲು. ಒಂದರೊಳಗೊಂದು ಗಾಜಿನ ಎರಡು ಗೋಡೆ, ನಡುವೆ ನಿರ್ವಾತ. ವಹನಕ್ಕೂ ಸಂವಹನಕ್ಕೂ ಆಧಾರವಾಗಿ ಒಂದು ಪದಾರ್ಥ ಬೇಕು. ಅಲ್ಲಿ ಪದಾರ್ಥವೇ ಇಲ್ಲ. ವಿಕಿರಣವನ್ನು ಗಾಜಿಗೆ ಬಳಿದ ಬೆಳ್ಳಿಯ ಲೇಪ ಹಿಂದಕ್ಕೆ ಅಟ್ಟುತ್ತದೆ. ಉಳಿಯುವ ದಾರಿಯೆಂದರೆ ಹೆಚ್ಚಾಗಿ ಬಾಯಿಯೊಂದೇ; ಆದ್ದರಿಂದಲೇ ಬೂಚು ಕೆಟ್ಟರೆ ಎಂಥ ಗಾಜೂ ಸೋಲುತ್ತದೆ. ಡ್ಯೂವರ್ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. ಜರ್ಮನಿಯಲ್ಲಿ ಗಾಜಿನ ಕುಶಲಿ ರೈನ್‌ಹೋಲ್ಡ್ ಬರ್ಗರ್ ಅದಕ್ಕೆ ಲೋಹದ ಕವಚ ತೊಡಿಸಿ, ಮನೆಬಳಕೆಯ ಸಾಮಾನಾಗಿ ಮಾಡಿ, 1903ರಲ್ಲಿ ಪೇಟೆಂಟ್ ಪಡೆದ. ಥರ್ಮಾಸ್ ಎಂಬ ಹೆಸರು ಬಂದದ್ದು ಮರುವರ್ಷ.

ಅಂದರೆ ಥರ್ಮಾಸಿನ ಸಾರವೆಂಬುದು ಒಂದು ಬಯಲು. ಬಯಲು ಎಂಬ ಶಬ್ದವನ್ನು ಶರಣರಿಂದ ಕೇಳಿ ಬೆಳೆದ ಸೊನ್ನಲಿಗೆಯವರಾದ ನಮಗೆ ಈ ಮಾತು ತೀರ ಅಪರಿಚಿತವೆನಿಸಬಾರದು. ಆದರೆ ಇಲ್ಲಿ ನನಗೊಂದು ಇಕ್ಕಟ್ಟಿದೆ. ಹಲಗೆಗಳನ್ನು ಕೂಡಿಡಬಹುದು, ಬಟ್ಟಲು ಪಟ್ಟಿಗಳನ್ನು ಡಬ್ಬಿಯಲ್ಲಿಡಬಹುದು. ಹಳೆಯ ಬಯಲನ್ನು ಯಾರೂ ಎತ್ತಿಡಲಾರರು. ಗಾಜು ಬದಲಿಸಿದಾಗಲೆಲ್ಲ ಒಂದು ಬಯಲು ಹೋಗಿ ಇನ್ನೊಂದು ಬಂದಿದೆ. ಎರಡರಲ್ಲಿ ವ್ಯತ್ಯಾಸವೇನೆಂದು ಕೇಳಿದರೆ ಹೇಳಲು ಏನೂ ಇಲ್ಲ. ಊರ ಸಿದ್ಧರಾಮನ ಕೆರೆಯಲ್ಲಿ ಹನ್ನೆರಡನೆಯ ಶತಮಾನದ ನೀರಿನ ಒಂದು ಹನಿಯೂ ನಿಂತಿರಲಾರದು. ಆದರೂ ಅದು ಆತನ ಕೆರೆಯೇ ಎಂದು ನಾವು ಕೈ ಮುಗಿಯುವುದು ಸುಳ್ಳಲ್ಲ. ಕೆರೆ ಕೆರೆಯಾಗಿ ಉಳಿದದ್ದು ಪ್ರತಿ ತಲೆಮಾರಿನಲ್ಲೂ ಯಾರೋ ಹೂಳು ಎತ್ತಿದ್ದರಿಂದ, ದಂಡೆ ಕಟ್ಟಿದ್ದರಿಂದ.

ಇಲ್ಲಿಯವರೆಗೆ ಹೇಳಿದ್ದು ಮೊಮ್ಮಗಳಿಗೂ ಒಪ್ಪಿಗೆಯಾಯಿತು. ಆದರೆ ಹೊಸ ಗಾಜನ್ನು ಕೈಯಲ್ಲಿ ಹಿಡಿದಾಗ ನನ್ನ ಮನಸ್ಸಿಗೆ ಬಂದದ್ದು ಪ್ಲುಟಾರ್ಕನೂ ಅಲ್ಲ, ನಾಗಸೇನನೂ ಅಲ್ಲ. ಐವತ್ತು ವರ್ಷಗಳಿಂದ ಯಾರಿಗೂ ಹೇಳದ ಒಂದು ಸಂಗತಿ ಅದು.

1974ರ ಮಾತು. ಆ ವರ್ಷ ಮೇ 8ರಿಂದ 27ರವರೆಗೆ ದೇಶದ ರೈಲ್ವೆ ಕಾರ್ಮಿಕರ ಮುಷ್ಕರ ನಡೆಯಿತು. ಅದರ ಪೆಟ್ಟನ್ನು ರೈಲ್ವೆ ಕುಟುಂಬಗಳು ಅನೇಕ ತಿಂಗಳು ಉಂಡವು. ನಮ್ಮ ಮನೆಯಲ್ಲಿ ಹಾಲು ಕಡಿಮೆಯಾಯಿತು, ಅಣ್ಣನ ಹೊಸ ಪುಸ್ತಕಗಳು ಮುಂದಕ್ಕೆ ಹೋದವು. ಆ ಡಿಸೆಂಬರಿನ ಒಂದು ಮಧ್ಯಾಹ್ನ, ತಂದೆಯವರು ರಾತ್ರಿಯ ಪಾಳಿಗೆಂದು ಮಲಗಿದ್ದಾಗ, ಹತ್ತು ವರ್ಷದ ನಾನು ಥರ್ಮಾಸನ್ನು ಹೆಗಲಿಗೆ ಹಾಕಿಕೊಂಡು ಗಾರ್ಡಿನ ಆಟವಾಡುತ್ತ ಹಿತ್ತಿಲ ಮೆಟ್ಟಿಲಿನಿಂದ ಜಿಗಿದೆ. ಒಳಗೆ ಸಣ್ಣದೊಂದು ಶಬ್ದವಾಯಿತು. ಅಲ್ಲಾಡಿಸಿದರೆ ಗೆಜ್ಜೆಯ ಹಾಗೆ ಸದ್ದು. ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ತಾಯಿ ಹೊಡೆಯಲಿಲ್ಲ. ಥರ್ಮಾಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನನ್ನ ಕೈ ಹಿಡಿದುಕೊಂಡು ನವಿ ಪೇಟೆಗೆ ನಡೆದರು. ಜೋಳದ ಹಿಟ್ಟಿನ ಡಬ್ಬಿಯಲ್ಲಿ ಅವರು ಬಚ್ಚಿಟ್ಟ ಹಣವಿತ್ತೆಂಬುದು ನನಗೆ ತಿಳಿದದ್ದು ಅಂದೇ. ಅಂಗಡಿಯಾತ ಗಾಜು ಕೂಡಿಸಿಕೊಟ್ಟ. ಮನೆಗೆ ಬರುವಾಗ ದಾರಿಯಲ್ಲಿ ಒಂದೇ ಮಾತು ಹೇಳಿದರು: “ಅವರಿಗೆ ಹೇಳಬ್ಯಾಡ.” ರಾತ್ರಿ ತಂದೆಯವರು ಎಂದಿನಂತೆ ಚಹಾ ತುಂಬಿಸಿಕೊಂಡು ವಾಡಿಯ ಕಡೆಗೆ ಹೋದರು. ಹೋಟಗಿ, ಅಕ್ಕಲಕೋಟ ರೋಡ್, ದುಧನಿ, ಗಾಣಗಾಪುರ ರೋಡ್, ಕಲಬುರಗಿ: ಸರಕು ಗಾಡಿಗೆ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕಾದೀತೋ ಹೇಳುವಂತಿರಲಿಲ್ಲ. ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕುಳಿತ ಮನುಷ್ಯನಿಗೆ ಆ ಥರ್ಮಾಸೊಂದೇ ಜೊತೆ. ಮರುದಿನ ಮರಳಿ ಬಂದವರು, “ಚಹಾ ಮುಂಜಾನಿತನಕ ಸುಡುಸುಡು ಇತ್ತು” ಎಂದರು. ತಾಯಿ ಒಲೆಯ ಕಡೆಗೆ ಮುಖ ತಿರುಗಿಸಿದರು.

ಆ ಬಳಿಕ ಎಷ್ಟೋ ಸಲ ಮನೆಗೆ ಬಂದವರ ಮುಂದೆ ತಂದೆಯವರು, “ಅರವತ್ತೆಂಟರಿಂದ ಅದೇ ಥರ್ಮಾಸು, ಗಾಜಿಗೆ ಒಂದು ಗೀರು ಬಿದ್ದಿಲ್ಲ” ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. 1989ರಲ್ಲಿ ಅವರೇ ಗಾಜು ಬದಲಿಸಿದಾಗಲೂ, “ಇಪ್ಪತ್ತೊಂದು ವರ್ಷ ಬಂತು ನೋಡು ಇದು” ಎಂದು ಆ ಎರಡನೆಯ ಗಾಜನ್ನು ಹೊಗಳಿದರು. ಅವರು 1996ರಲ್ಲಿ ತೀರಿಕೊಂಡರು. ನಾನು ಹೇಳಲೇ ಇಲ್ಲ.

ಅದು ಸುಳ್ಳಾಯಿತೇ? “ಅದೇ ಥರ್ಮಾಸು” ಎಂದಾಗ ಅವರು ಹೇಳಿದ್ದು ಒಂದು ಅರ್ಥದಲ್ಲಿ ನಿಜವೇ. ನಾಗಸೇನನ ನ್ಯಾಯದಿಂದಲೋ ಕೆರೆಯ ನ್ಯಾಯದಿಂದಲೋ ನಾನು ಸಲೀಸಾಗಿ ತಪ್ಪಿಸಿಕೊಳ್ಳಬಹುದು, ತಪ್ಪಿಸಿಕೊಂಡೂ ಇದ್ದೇನೆ. ತತ್ತ್ವವಿಚಾರ ಕೆಲವೊಮ್ಮೆ ಹೀಗೆ ತಪ್ಪಿತಸ್ಥರಿಗೆ ಹಿತ್ತಿಲ ಬಾಗಿಲಾಗುತ್ತದೆಂದು ನನ್ನ ಅನುಮಾನ. ತಾಯಿಯವರ ಮೌನವನ್ನು ನಾನು ತಪ್ಪೆನ್ನಲಾರೆ. ಅವರು ರಕ್ಷಿಸಿದ್ದು ನನ್ನನ್ನು, ಮತ್ತು ಆ ವರ್ಷ ಸೋತು ಬಂದಿದ್ದ ಒಬ್ಬ ಮನುಷ್ಯನ ನೆಮ್ಮದಿಯನ್ನು. ಆದರೆ ನನ್ನ ಮೌನ ಬೇರೆ ಬಗೆಯದು. ಬೆಳೆದು ದೊಡ್ಡವನಾದ ಮೇಲೆ ಭಯಕ್ಕೆ ಕಾರಣವಿರಲಿಲ್ಲ. ಹೇಳಿದ್ದರೆ ತಂದೆಯವರು ನಕ್ಕುಬಿಡುತ್ತಿದ್ದರು.

ನಷ್ಟವಾದದ್ದು ಗಾಜಿನ ಕುರಿತ ಒಂದು ಸತ್ಯವಲ್ಲ. ಆ ರಾತ್ರಿಯ ಬಿಸಿ ಚಹಾ ಯಾರ ಹಿಟ್ಟಿನ ಡಬ್ಬಿಯಿಂದ ಬಂದದ್ದೆಂದು ಅವರಿಗೆ ತಿಳಿಯಲೇ ಇಲ್ಲ. ಹದಿನೈದು ವರ್ಷ ಅವರು ಹೆಂಡತಿಯ ಉಳಿತಾಯದಿಂದ ಚಹಾ ಕುಡಿದು, ಅಂಗಡಿಯ ಗಾಜನ್ನು ಹೊಗಳಿದರು. ಕೃತಜ್ಞತೆ ಸಲ್ಲಬೇಕಾದ ಕಡೆಗೆ ಹೋಗದಂತೆ ಅಡ್ಡ ನಿಂತವನು ನಾನು. ರಿಪೇರಿಯನ್ನು ಮರೆಮಾಚಿದರೆ ರಿಪೇರಿ ಮಾಡಿದ ಕೈ ಮರೆಯಾಗುತ್ತದೆ. ಒಂದು ವಸ್ತು ಅದೇ ಆಗಿ ಉಳಿಯುವುದು ಯಾರೋ ಅದನ್ನು ಉಳಿಸುತ್ತ ಬಂದದ್ದರಿಂದ ಎಂದಾದರೆ, ಆ ಕೈಗಳ ಲೆಕ್ಕವನ್ನು ಅಳಿಸಿ “ಅದೇ” ಎನ್ನುವ ಹಕ್ಕು ನಮಗೆ ಎಲ್ಲಿಂದ ಬರಬೇಕು?

ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬ ಒಮ್ಮೆ ಮನೆಗೆ ಬಂದು ಈ ಥರ್ಮಾಸಿಗೆ ಒಳ್ಳೆಯ ಬೆಲೆ ಹೇಳಿದ್ದ. ಎಲ್ಲ ಮೂಲದ್ದೇ ಏನು ಎಂದು ಕೇಳಿದ. ಇಲ್ಲ, ಇದಿದು ಬದಲಾಗಿದೆ ಎಂದು ತಟ್ಟನೆ ಹೇಳಿದೆ. ಬೆಲೆ ಕಾಲುಭಾಗಕ್ಕೆ ಇಳಿಯಿತು. ಮಾರುವ ಮನಸ್ಸು ನನಗೂ ಇರಲಿಲ್ಲ. ಅಪರಿಚಿತನಿಗೆ ಅರೆಕ್ಷಣದಲ್ಲಿ ಹೇಳಿದ ನಿಜವನ್ನು ಹೆತ್ತವರಿಗೆ ಇಪ್ಪತ್ತೆರಡು ವರ್ಷ ಹೇಳಲಿಲ್ಲವಲ್ಲ ಎಂದು ಅಂದು ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಗಡಿಯಾಚೆ ಬಾಳುವ ನಮಗೆ ಇದು ಥರ್ಮಾಸಿಗಷ್ಟೇ ಸೇರಿದ ಮಾತೂ ಅಲ್ಲ. ನಾನು ಈ ಬರಹದಲ್ಲಿ ಉದ್ದಕ್ಕೂ ಬೂಚು ಎಂದಿದ್ದೇನೆ. ಮರಾಠಿಗರೂ ಬೂಚ್ ಎಂದೇ ಅನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಅದು ಬಿರಡೆ. ಒಳನಾಡಿನಿಂದ ಬಂದ ವಿದ್ವಾಂಸರು ನಮ್ಮ ಸಭೆಗಳಲ್ಲಿ ನಮ್ಮ ಮಾತು ಕೇಳಿ, ಪ್ರೀತಿಯಿಂದಲೇ ಆದರೂ, ನಿಮ್ಮದು ಕಲಬೆರಕೆಯಾಗಿದೆ ಎಂದು ಹೇಳಿಹೋಗುವುದುಂಟು. ಸವೆದ ಜಾಗದಲ್ಲಿ ಕೈಗೆ ಸಿಕ್ಕ ಭಾಗವನ್ನು ಹಾಕಿಕೊಂಡು ಮಾತನ್ನು ಬಿಸಿಯಾಗಿಟ್ಟವರು ನಮ್ಮ ಅಜ್ಜಿಯರು. ಅದರಲ್ಲಿ ನಾಚಿಕೆಪಡುವಂಥದ್ದು ನನಗೆ ಕಾಣುವುದಿಲ್ಲ. ನನ್ನ ಅಂಜಿಕೆ ಅದಲ್ಲ. ಹೊರಗೆ ಕನ್ನಡದ ಅಕ್ಷರ ಹೊಳೆಯುತ್ತಿದ್ದು ಒಳಗೆ ಗಾಜು ಸತ್ತಿರುವ ಮನೆಗಳು ಹೆಚ್ಚುತ್ತಿವೆ: ರಾಜ್ಯೋತ್ಸವಕ್ಕೆ ಶಾಲು, ಮನೆಯಲ್ಲಿ ಮಕ್ಕಳೊಡನೆ ಬೇರೆ ಮಾತು. ನನ್ನ ಮಗನ ಮನೆಯೂ ಅಂಥದ್ದೇ ಆಗುವುದರಲ್ಲಿತ್ತು. ಮೊಮ್ಮಗಳು ರಜೆಗೆ ಬಂದಾಗ ಕಲಿತ ಕನ್ನಡ ಇದು. ಅದರಲ್ಲಿ ಅರ್ಧ ಅವಳ ಅಜ್ಜಿಯ ಅಡುಗೆಮನೆಯದು.

ಹೊಸ ಗಾಜನ್ನು ಕೂಡಿಸಿ ಬುಡ ಮುಚ್ಚುವ ಮೊದಲು ಅಣ್ಣನಿಗೆ ಫೋನು ಮಾಡಿದೆ. ಎಪ್ಪತ್ನಾಲ್ಕರ ಮಾತು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಕ್ಕೇ ನನ್ನ ಪುಸ್ತಕ ಇನ್ನೂ ಎರಡು ತಿಂಗಳು ತಡ ಆತು” ಎಂದ. ಬೈದನೋ ನಕ್ಕನೋ ತಿಳಿಯಲಿಲ್ಲ.

ಮೊಮ್ಮಗಳು ತನ್ನ ವಹಿಯಿಂದ ಒಂದು ಹಾಳೆ ಹರಿದುಕೊಟ್ಟಳು. ಗಾಜಿಗೂ ಬುಡದ ಮುಚ್ಚಳಕ್ಕೂ ನಡುವೆ ಅದನ್ನು ಮಡಿಸಿಡುವಷ್ಟು ಜಾಗವಿದೆ. ಗಾಜು ಸರಿಯಾಗಿದ್ದರೆ ಅಲ್ಲಿಗೆ ಬಿಸಿ ತಟ್ಟುವುದಿಲ್ಲ. ಏನೇನು ಬದಲಾಯಿತು, ಯಾವಾಗ, ಯಾರಿಂದ ಎಂದು ಅವಳ ಕೈಯಿಂದಲೇ ಬರೆಸಿದೆ. ತಗಡಿನ ಕೆಲಸದವರ ಹೆಸರು, ಸಂತೆಯ ಬಟ್ಟಲು, ತಂದೆಯವರ 1989ರ ಗಾಜು, 2007ರದು, ಈ ಸಲದ್ದು. ಎಲ್ಲಕ್ಕೂ ಮೇಲಿನ ಸಾಲಿನಲ್ಲಿ ಡಿಸೆಂಬರ್ 1974, ಒಡೆದವನು ನಾನು, ಹಾಕಿಸಿದವರು ತಾಯಿ. ಎಷ್ಟು ದುಡ್ಡಾಯಿತು ಎಂದು ಅವಳು ಕೇಳಿದಳು. ಅದು ನನಗೆ ತಿಳಿಯದು. ಆ ಜಾಗವನ್ನು ಖಾಲಿ ಬಿಡು ಎಂದೆ.